ಪೆಟ್ಟಿಗೆಯೊಳಗಿನ ಭಂಡಾರ

ಹುಬ್ಬಳ್ಳಿಯ ಫಿಟ್ಟರ್ ಕಲ್ಲಪ್ಪ ಕಲ್ಕತ್ತೆಯ ಬಾರಾನಗರದ ಸಂಶೋಧನಾಲಯಕ್ಕೆ ಸೇರಿ ಆರು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಏನು ಕೆಲಸ ಎಂದು ಕೇಳಿದರೆ ನಗುತ್ತೀರಿ. ಪೆಟ್ಟಿಗೆ ಬೀಳಿಸುವುದು! ಐದಂತಸ್ತಿನ ಎತ್ತರದಿಂದ ಬೀಳುವ ಪೆಟ್ಟಿಗೆಯೊಳಗೆ ಒಂದೆರಡು ಕ್ಷಣ ಯಾವುದಕ್ಕೂ ತೂಕವಿರುವುದಿಲ್ಲ. ಒಳಗಿನ ಕಲ್ಲಿನ ಧೂಳು ತೇಲುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ಕ್ಯಾಮೆರಾ ಹಿಡಿಯುತ್ತದೆ. ಅಂಟಿಕೊಂಡರೆ, ಸೂರ್ಯನ ಸುತ್ತ ತಿರುಗುವ ಪುಟ್ಟ ಬಂಡೆಗಳೂ ಹೀಗೇ ಹುಟ್ಟಿದವು ಎನ್ನಬಹುದು. ಆದರೆ ಆ ಹಾಳಾದ ಧೂಳು ಒಂದು ದಿನವೂ ಅಂಟಲಿಲ್ಲ.

ಎಂಬತ್ತಾರನೇ ಇಸವಿಯ ದುರ್ಗಾ ಪೂಜೋ ರಜೆ. ಮಹಾನವಮಿಯಂದು ಕಲ್ಲಪ್ಪ ಒಬ್ಬನೇ ಸಂಶೋಧನಾಲಯಕ್ಕೆ ಹೋಗಿ, ಊರಿನ ವಾಡಿಕೆಯಂತೆ ಆಯುಧಗಳ ಖಂಡೆ ಪೂಜೆ ಮಾಡಿದ. ಮನೆದೇವರು ಮೈಲಾರಲಿಂಗನ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು, ಸ್ಪ್ಯಾನರಿಗೂ ರಾಟೆಗೂ ಹಚ್ಚಿದ. ಅಷ್ಟಕ್ಕೇ ಬಿಡಬಾರದೇ ಪುಣ್ಯಾತ್ಮ? ಅನ್ನ ಕೊಡುವ ಪೆಟ್ಟಿಗೆಯೆಂದು ಮುಚ್ಚಳ ತೆಗೆದು ಒಳಗೂ ಒಂದು ಚಿಟಿಕೆ ಹಾಕಿದ. ಒರೆಸುವುದನ್ನು ಮರೆತ.

ರಜೆ ಮುಗಿದ ಮೇಲೆ ಪೆಟ್ಟಿಗೆ ಬಿತ್ತು, ಧೂಳು ಅಂಟಿತು! ಪ್ರಯೋಗದ ಮುಖ್ಯಸ್ಥ ಪ್ರೊಫೆಸರ್ ನಿರುಪಮ ಬಾಬು ಎಲ್ಲರಿಗೂ ಸಂದೇಶ್ ಮಿಠಾಯಿ ಹಂಚಿದರು. "ಕಲ್ಲಪ್ಪ, ಈ ವರದಿ ಒಮ್ಮೆ ಅಂಚೆಗೆ ಹೋಗಲಿ, ನಿನ್ನ ಕೆಲಸ ಕಾಯಂ," ಎಂದರು. ಆಗ ಕಲ್ಲಪ್ಪನಿಗೆ ಒಳಗೆ ಹಾಕಿದ ಭಂಡಾರ ನೆನಪಾಯಿತು: ಧೂಳು ಅಂಟಿದ್ದು ಅದರಿಂದಲೇ ಇರಬೇಕು!

ಮೂರು ದಿನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಎಂದಾದರೊಂದು ದಿನ ಸಿಕ್ಕಿಬೀಳುತ್ತೇನೆ. ಯಾರು ಹೆಸರು ಹಿಡಿದು ಕರೆದರೂ ಬೆಚ್ಚಿಬೀಳುತ್ತಿದ್ದ. ಕೊನೆಗೆ ಹೆಂಡತಿ ಸುಭದ್ರಾ ಅವನ ಬಾಯಿ ಬಿಡಿಸಿದಳು.

"ಹೋಗಿ ಹೇಳಿಬಿಡ್ರಿ."

"ಕೆಲಸ ಹೋದ್ರ ಏನ್ ತಿನ್ನೂದು?"

"ಈಗೇನ್ ತಿನ್ನಾಕತ್ತೀರಿ? ಗಂಗಾಳದಾಗಿನ ಅನ್ನ ಹಂಗೇ ಐತಿ ನೋಡ್ರಿ."

ಮರುದಿನ ಪ್ರೊಫೆಸರರ ಮೇಜಿನ ಮೇಲೆ ವರದಿಯ ಲಕೋಟೆ ಅಂಚೆಗೆ ಸಿದ್ಧವಾಗಿತ್ತು. ಕಲ್ಲಪ್ಪ ಹರಕುಮುರುಕು ಹಿಂದಿಯಲ್ಲಿ ಎಲ್ಲವನ್ನೂ ಒದರಿಬಿಟ್ಟ. ನಿರುಪಮ ಬಾಬು ಬೈಯಲಿಲ್ಲ. ಡ್ರಾಯರ್ ಎಳೆದು ಒಂದು ಗಾಜಿನ ಚೂರು ತೆಗೆದಿಟ್ಟರು. ಅದರ ಮೇಲೊಂದು ಹಳದಿ ಕಣ ಅಂಟಿತ್ತು.

"ಮೊನ್ನೆಯೇ ಪೆಟ್ಟಿಗೆಯೊಳಗೆ ಸಿಕ್ಕಿತ್ತು," ಎಂದರು. "ಎಲ್ಲಿಂದ ಬಂತು ಅಂತ ನಿನ್ನನ್ನ ಕೇಳೋಕೆ ಭಯವಾಯ್ತು. ನೀನು ನಿಜ ಹೇಳಿಬಿಟ್ಟರೆ?"

ಲಕೋಟೆಯನ್ನು ಅವನತ್ತ ತಳ್ಳಿದರು. "ನೀನೇ ಹರಿದುಹಾಕು. ನನ್ನ ಕೈಲಾಗೋದಿಲ್ಲ."

ಕಾಯಂ ಆಗುವ ಮಾತೂ ಅದರೊಂದಿಗೇ ಹೋಯಿತೆಂದು ಗೊತ್ತಿದ್ದೂ ಕಲ್ಲಪ್ಪ ಹರಿದ.