ಗೋಡೆಯಲ್ಲಿ ಇಲ್ಲದ ಸ್ವಿಚ್ಚು

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆಗೆದರೆ, ಕಿವಿ ಮೇಲೆ ಹೂ ಇಡಬೇಡ ಮಾರಾಯ ಅಂತ ಎದ್ದು ಹೋಗುತ್ತಿದ್ದವನು ನಾನು. ವೈರಿಂಗ್ ಕೆಲಸದವನಿಗೆ ಗೊತ್ತಿರುವುದು ಇಷ್ಟೇ: ತಂತಿ ಸೇರಿಸಿದ್ದರೆ ಕರೆಂಟು ಹರಿಯುತ್ತೆ, ಇಲ್ಲದಿದ್ದರೆ ಇಲ್ಲ. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಭದ್ರಾವತಿಯ ಆ ಒಂದು ಮಧ್ಯಾಹ್ನ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ.

ತೊಂಬತ್ತರ ದಶಕದ ಕೊನೆ. ಅಲ್ಲಿನ ಒಂದು ಕಾರ್ಖಾನೆಯ ನೆಲಮಾಳಿಗೆಯಲ್ಲಿದ್ದ ಕೇಬಲ್ ಕೋಣೆಗೆ ಬೆಂಕಿ ಅಲಾರಾಂ ಹಾಕಬೇಕಿತ್ತು. ವೈರಿಂಗ್ ನಕ್ಷೆ ನನ್ನದು. ಸಿಲಿಂಡರು, ಸೈರನ್ ಆಗಲೇ ತಂದು ಕೂರಿಸಿದ್ದರು, ತಂತಿ ಎಳೆಯುವುದು ಬಾಕಿಯಿತ್ತು. ಬೆಂಕಿ ಕಂಡರೆ ಬಾಗಿಲ ಹೊರಗಿನ ಸೈರನ್ ಕೂಗಬೇಕು, ಸ್ವಲ್ಪ ಹೊತ್ತಿಗೆ ಸಿಲಿಂಡರುಗಳ ಗ್ಯಾಸ್ ತಾನಾಗಿ ಕೋಣೆ ತುಂಬಬೇಕು. ಆ ಗ್ಯಾಸ್ ತುಂಬಿದರೆ ಬೆಂಕಿಗೂ ಉಸಿರಿಲ್ಲ, ಒಳಗಿರುವ ಮನುಷ್ಯನಿಗೂ ಇಲ್ಲ. ಅದಕ್ಕೇ ತಡೆಯಲು ಒಂದು ಸ್ವಿಚ್ಚು ಇಡುತ್ತಾರೆ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಗ್ಯಾಸ್ ಬಿಡುವುದಿಲ್ಲ, ಸೈರನ್ ಮಾತ್ರ ಕೂಗುತ್ತಲೇ ಇರುತ್ತೆ. ನಾನು ಅದನ್ನು ಬಾಗಿಲ ಹೊರಗಷ್ಟೇ ತೋರಿಸಿದ್ದೆ. ಸೈರನ್ ಕೇಳಿದ ಮೇಲೂ ಒಳಗೆ ಯಾರು ಕೂತಿರುತ್ತಾರೆ ಅಂತ.

ಕೇಬಲ್ ಹಾದಿ ಅಳೆಯೋಕೆ ಆಯುಧಪೂಜೆಯ ದಿನ ಹೋದೆ, ಅವತ್ತು ಮಿಷನ್ನುಗಳೆಲ್ಲ ನಿಂತಿರುತ್ತವಲ್ಲ. ಶಿವಮೊಗ್ಗದ ನವುಲೆಯಲ್ಲಿದ್ದ ಮನೆಯಿಂದ ಹೊರಡುವಾಗಲೇ ಹೆಂಡತಿ ಗೊಣಗಿದಳು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮುರುಗೇಶನೂ, ಕುಂಕುಮ ಇಟ್ಟ ಮೇಲೆ ಇವತ್ತು ಯಾವುದನ್ನೂ ಮುಟ್ಟೋ ಹಾಗಿಲ್ಲ ಅಂದ. ನನ್ನ ಟೆಸ್ಟರ್, ಕಟಿಂಗ್ ಪ್ಲೇಯರ್, ಟಾರ್ಚು ಎಲ್ಲ ಇಸಿದುಕೊಂಡು ದೇವರ ಮುಂದೆ ಜೋಡಿಸಿಬಿಟ್ಟ. ಜೇಬಿನಲ್ಲಿದ್ದ ಅಳತೆ ಟೇಪು ಉಳಿಯಿತು. ಮಂಗಳಾರತಿಯಾಗಿ ಎಲ್ಲರೂ ಬೂದುಗುಂಬಳ ಒಡೆಯೋಕೆ ಗೇಟಿಗೆ ಹೋದಾಗ ಸದ್ದಿಲ್ಲದೆ ಕೆಳಗಿಳಿದೆ.

ಕೋಣೆಯ ತುದಿಯಲ್ಲಿ ಬಗ್ಗಿ ಅಳೆಯುತ್ತಿದ್ದೆ, ದೀಪ ಹೋಯಿತು. ಹಿಂದೆಯೇ ಬಾಗಿಲು ಮುಚ್ಚಿ ಬೀಗ ಬಿದ್ದ ಸದ್ದು. ಪೂಜೆ ಮುಗಿಸಿ ಮೇನ್ ಸ್ವಿಚ್ಚು ಆರಿಸಿ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮಾರನೆಯ ದಿನವೇ, ಅದು ಅಲ್ಲಿನ ಪದ್ಧತಿ. ನಾನು ಒಳಗಿರುವುದು ಯಾರಿಗೂ ಗೊತ್ತಿಲ್ಲ.

ಗಂಟಲು ಹರಿಯುವ ಹಾಗೆ ಕೂಗಿದೆ. ಕಿಟಕಿಯಿಲ್ಲದ ಕೋಣೆ, ದಪ್ಪ ಕಬ್ಬಿಣದ ಬಾಗಿಲು, ಯಾರಿಗೆ ಕೇಳಬೇಕು? ಆಗ ಸಿಲಿಂಡರುಗಳ ಕಡೆಯಿಂದ ಸಣ್ಣಗೆ ಸುಯ್ಯನೆ ಸದ್ದು ಬಂತು. ತಲೆ ಭಾರವಾಯಿತು, ಎಷ್ಟು ಎಳೆದುಕೊಂಡರೂ ಉಸಿರು ಸಾಲದು. ಭಯಕ್ಕೋ, ಗ್ಯಾಸಿಗೋ, ಹೇಳಲಾರೆ. ಮನೆಯಲ್ಲಿ ಆಗಷ್ಟೇ ನಡೆಯೋಕೆ ಕಲಿತಿದ್ದ ಮಗಳು. ಅವಳನ್ನು ನೆನೆದು ಅತ್ತೆ, ಸುಳ್ಳು ಯಾಕೆ ಹೇಳಲಿ.

ಗೋಡೆ ತಡವುತ್ತಾ ಬಾಗಿಲ ಪಕ್ಕಕ್ಕೆ ಬಂದಾಗ ಎದೆಮಟ್ಟದಲ್ಲಿ ಒಂದು ಗುಂಡನೆಯ ಸ್ವಿಚ್ಚು ಕೈಗೆ ಸಿಕ್ಕಿತು. ಮೇಲೆ ಏನೋ ಒದ್ದೆ. ಯೋಚನೆ ಮಾಡಲಿಲ್ಲ, ಹೆಬ್ಬೆರಳಿಟ್ಟು ಒತ್ತಿ ಹಿಡಿದೆ.

ಎಷ್ಟು ಹೊತ್ತಾಯಿತೋ, ಬಾಗಿಲು ತೆರೆಯಿತು. ಮುರುಗೇಶ ಏದುಸಿರು ಬಿಡುತ್ತಾ ನಿಂತಿದ್ದ. "ಸೈರನ್ ಯಾಕ್ ಸಾರ್ ಹಂಗ್ ಹೊಡ್ಕೊತಿತ್ತು? ಗೇಟಿನ ತನಕ ಕೇಳ್ತು" ಅಂದ. ನನಗೇನೂ ಕೇಳಿರಲಿಲ್ಲ. ಹೊರಗೆ ಬಂದು ಇಬ್ಬರೂ ಬಾಗಿಲ ಮೇಲಕ್ಕೆ ತಲೆಯೆತ್ತಿದೆವು. ಸೈರನ್ನಿಗೆ ಇನ್ನೂ ಕನೆಕ್ಷನ್ನೇ ಕೊಟ್ಟಿರಲಿಲ್ಲ, ತಂತಿಯ ತುದಿ ಬರಿದಾಗಿ ನೇತಾಡುತ್ತಿತ್ತು. ಮುರುಗೇಶ ತಂದಿದ್ದ ಟಾರ್ಚು ಹಿಡಿದು ಒಳಗೆ ನೋಡಿದರೆ ಒಂದು ಸಿಲಿಂಡರಿನ ವಾಲ್ವು ನಿಜವಾಗಿಯೂ ಸೋರುತ್ತಿತ್ತು. ಬಾಗಿಲ ಪಕ್ಕ ಬರೀ ಸುಣ್ಣದ ಗೋಡೆ, ಸ್ವಿಚ್ಚಿಲ್ಲ. ನನ್ನ ಹೆಬ್ಬೆರಳಿಗೆ ಹಸಿ ಕುಂಕುಮ ಮೆತ್ತಿತ್ತು. ಮಂಗಳಾರತಿಯಲ್ಲಿ ಹಣೆಗಿಟ್ಟಿದ್ದು ಬೆವರು ಒರೆಸಿಕೊಂಡಾಗ ಹತ್ತಿರಬಹುದು, ಇಲ್ಲ ಅನ್ನಲಾರೆ.

ಆಮೇಲೆ ನಕ್ಷೆಯಲ್ಲಿ ಅದೇ ಜಾಗಕ್ಕೆ, ಒಳಗೊಂದು ಸ್ವಿಚ್ಚು ಸೇರಿಸಿದೆ. ಕಾರ್ಖಾನೆಯ ಇಂಜಿನಿಯರು ದಂಡದ ಖರ್ಚು ಅಂದರು. ಜಗಳವಾಡಿ ಹಾಕಿಸಿದೆ.

ಎಷ್ಟೋ ವರ್ಷದ ಮೇಲೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಮುರುಗೇಶ ಸಿಕ್ಕಿ ನನ್ನ ಕೈ ಹಿಡಿದುಕೊಂಡ. ಅವನು ಕೇಬಲ್ ಕೋಣೆಯಲ್ಲಿ ಒಬ್ಬನೇ ಇದ್ದಾಗ ಸೈರನ್ ಹೊಡೆದು, ಬಾಗಿಲು ಕಚ್ಚಿಕೊಂಡುಬಿಟ್ಟಿತಂತೆ. ಹೊರಗಿನವರು ಬಾಗಿಲು ಮೀಟುವ ತನಕ ಒಳಗಿನ ಸ್ವಿಚ್ಚು ಒತ್ತಿ ಹಿಡಿದೇ ನಿಂತಿದ್ದನಂತೆ.

"ಅದು ಇರ್ಲಿಲ್ಲ ಅಂದ್ರೆ ನಾನಿವತ್ತು ಇಲ್ಲ ಸಾರ್. ಆಯುಧಪೂಜೆಲಿ ಮೊದಲ್ನೇ ಕುಂಕುಮ ಅದಕ್ಕೇ ಇಡ್ತೀನಿ" ಅಂದ.

ಒಳಗೆ ಸ್ವಿಚ್ಚು ಹಾಕಿಸಿದ್ದು ಅವತ್ತು ನನಗದು ಸಿಕ್ಕಿದ್ದಕ್ಕೆ. ಅವತ್ತು ಸಿಕ್ಕಿದ್ದು ಯಾವುದು, ಆಗಿನ್ನೂ ಹಾಕಿಸಿರದ ಇದೇ ಸ್ವಿಚ್ಚೇ? ಮುರುಗೇಶನ ಬಸ್ಸು ಹೋದ ಮೇಲೂ ನಾನು ಹೆಬ್ಬೆರಳು ನೋಡಿಕೊಂಡು ಅಲ್ಲೇ ನಿಂತಿದ್ದೆ. ಊರಿಗೆಲ್ಲ ವೈರಿಂಗ್ ನಕ್ಷೆ ಬರೆದವನು ನಾನು. ಈ ಒಂದು ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಇವತ್ತಿಗೂ ಬರೆಯಲಾಗಿಲ್ಲ.