ಮಾಸ್ತರರ ಪೆನ್‌ಡ್ರೈವ್

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯ ಮಾಸ್ತರರು ಟಿವಿ ಕಾರ್ಯಕ್ರಮಗಳನ್ನು ಪೆನ್‌ಡ್ರೈವಿನಲ್ಲಿ ರೆಕಾರ್ಡ್ ಮಾಡಿಡುತ್ತಿದ್ದರು. ಮಾಳಿಗೆಯ ಮೇಲಿನ ಡಿಶ್ಶನ್ನು ದಿನಾ ಧೋತರದ ಚುಂಗಿನಿಂದ ಒರೆಸುವರು. ಓಣಿಯಲ್ಲಿ ಯಾರಿಗೆ ಏನು ತಪ್ಪಿಹೋದರೂ ಅವರದು ಒಂದೇ ಮಾತು: “ಹಿಡದ ಇಟ್ಟೇನಿ, ನಿವಾಂತ ನೋಡ್ರಿ.”

ಮೆಣಸಿನಕಾಯಿ ಬೆಳೆಯ ಬಗ್ಗೆ ನಾನು ಮಾತಾಡಿದ್ದು ಟಿವಿಯಲ್ಲಿ ಬರುವ ಹೊತ್ತಿಗೇ ಗುಡುಗಿತು. ಸಿಡಿಲಿಗೆ ಹೆದರಿ ನಾನೇ ನಮ್ಮ ಟಿವಿಯ ಪ್ಲಗ್ ಕಿತ್ತೆ. ಮಾಸ್ತರರು ಕೀಳಲಿಲ್ಲ.

ಮರುದಿನದಿಂದ ಹೆಂಡತಿ ನನ್ನನ್ನು ನೋಡಲು ಅವರ ಮನೆಗೆ ಹೋಗತೊಡಗಿದಳು. “ಅಲ್ಲೆ ಎಷ್ಟ್ ಚಂದ ನಕ್ಕೋತ ಮಾತಾಡ್ತೀರಿ. ಮನ್ಯಾಗ ಬರೇ ಕಾಳಜಿ,” ಎಂದಳು. ನನಗೆ ಮಾಸ್ತರರ ಮೇಲೂ, ಅವರ ಟಿವಿಯೊಳಗಿನ ನನ್ನ ಮೇಲೂ ಹೊಟ್ಟೆಕಿಚ್ಚು.

ಮಾಸ್ತರರು ರಾಣೇಬೆನ್ನೂರಿಗೆ ಮನೆ ಬದಲಿಸುವಾಗ ಆ ಪೆನ್‌ಡ್ರೈವನ್ನು ನನ್ನ ಅಂಗೈಗಿಟ್ಟು ಅದೇ ಮಾತು ಹೇಳಿದರು. ಕಪಾಟಿನಲ್ಲಿ ಅಡಗಿಸಿಟ್ಟಿದ್ದೇನೆ, ಹೆಂಡತಿಗೆ ಇನ್ನೂ ಹೇಳಿಲ್ಲ.