ಶಾಮಲಮ್ಮನ ರಟ್ಟೆ ಮತ್ತು ಬಿಳಿ ಕರಡಿ

ಶಾಮಲಮ್ಮನಿಗೆ ಈಚೆಗೆ ತನ್ನ ತುರುಬು ತಾನೇ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಬಲಗೈ ಕಿವಿಯ ಮಟ್ಟಕ್ಕೆ ಏರಿ ಅಲ್ಲೇ ನಿಂತುಬಿಡುತ್ತಿತ್ತು. ಪಕ್ಕದ ಮನೆಯ ವೆಂಕಟರತ್ನಮ್ಮ ದಿನಾ ಬಂದು ತುರುಬು ಸುತ್ತಿಕೊಟ್ಟು ಹೋಗುತ್ತಿದ್ದಳು. ಇದಕ್ಕೆಲ್ಲ ಕಾರಣ ಒಂದು ಕರಡಿ.

ಕರಡಿ ಮನೆಗೆ ಬಂದದ್ದು ಗಂಡ ನರಸಿಂಹಪ್ಪನ ಜೊತೆ. ಅವನು ವೇಮಗಲ್ಲಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ಒಂದು ದಿನ ಕೆಲಸ ನಿಲ್ಲಿಸಿ, ಭೂಮಿಗೆ ಬಂದಿರುವ ಕಷ್ಟಗಳನ್ನೆಲ್ಲ ಪರದೆಯ ಮೇಲೆ ತೋರಿಸಿದರು. ಉಕ್ಕುವ ಸಮುದ್ರ, ಉರಿಯುವ ಕಾಡು, ಮೀನಿನ ಹೊಟ್ಟೆಯೊಳಗೆ ಪ್ಲಾಸ್ಟಿಕ್ಕು. ಕೊನೆಗೆ ಕರಗುವ ಹಿಮದ ತುಂಡಿನ ಮೇಲೆ ಒಂಟಿ ಬಿಳಿ ಕರಡಿ. ಮಗಳ ಮದುವೆಯಲ್ಲೂ ಅಳದ ನರಸಿಂಹಪ್ಪ ಅತ್ತುಬಿಟ್ಟ. ಕರೆಂಟು ಉಳಿಸಿ ಭೂಮಿಯನ್ನು ಉಳಿಸಿದ ಮನೆಗೆ ಬಹುಮಾನವಿದೆ ಎಂದಾಗ ಕಣ್ಣೊರೆಸಿಕೊಂಡು ಕೈ ಎತ್ತಿದ.

ಮನೆಗೆ ಬಂದವನೇ ಕರಡಿಯ ಚಿತ್ರವನ್ನು ಅಡುಗೆಮನೆಯ ಸ್ವಿಚ್ ಬೋರ್ಡಿನ ಮೇಲೆ ಅಂಟಿಸಿದ. ಮಿಕ್ಸಿ ಹಾಕಬೇಕೆಂದರೆ ಕರಡಿಯ ಹೊಟ್ಟೆಗೆ ತಿವಿಯಬೇಕು.

"ತಿವಿಯೋಕೆ ಮನಸ್ಸು ಬರತ್ತೇನೇ ನಿಂಗೆ?" ಎಂದ.

ರೇಷ್ಮೆ ಹುಳು ಮೇಯಿಸಿದ ದುಡ್ಡಲ್ಲಿ ಶಾಮಲಮ್ಮ ತಾನೇ ಕೊಂಡಿದ್ದ ಮಿಕ್ಸಿ ಅಟ್ಟಕ್ಕೇರಿತು. ವಾಷಿಂಗ್ ಮೆಷಿನ್ನಿಗೆ ಹುಣಸೆಹಣ್ಣು ತುಂಬಿದರು. ಹಿತ್ತಲಲ್ಲಿ ಕೋಳಿ ಕೂರುತ್ತಿದ್ದ ಒರಳುಕಲ್ಲು ತೊಳೆಸಿಕೊಂಡು ಕೆಲಸಕ್ಕೆ ಹಾಜರಾಯಿತು. ನರಸಿಂಹಪ್ಪ ಫೋನನ್ನು ಕಾರ್ಖಾನೆಯಲ್ಲೇ ಚಾರ್ಜು ಮಾಡಿಕೊಂಡು ಬರುತ್ತಿದ್ದ. ಸಂಜೆ ಬೈಕು ಹತ್ತಿ ಕೋಲಾರಕ್ಕೆ ಹೋಗಿ, ಟೀ ಅಂಗಡಿಯಲ್ಲಿ ಕೂತು ಭೂಮಿಯ ಬಗ್ಗೆ ಜನರಿಗೆ ತಿಳುವಳಿಕೆ ಕೊಡುತ್ತಿದ್ದ.

ಮೀಟರು ನಿದ್ದೆ ಹೋಯಿತು. ಬಹುಮಾನದವರು ನಾಳೆ ಬಂದು, ಒರಳಲ್ಲಿ ರುಬ್ಬಿದ ದೋಸೆ ತಿಂದು ಫಲಕ ಕೊಡುತ್ತಾರೆ ಎನ್ನುವಾಗ ಬಾಗಿಲಿಗೆ ಬಂದವರು ಕರೆಂಟಿನವರು. ಮುಂದಿದ್ದವನು ಲೈನ್‌ಮನ್ ಮುರಳಿಮೋಹನ್.

"ತಂತಿ ತುಂಬ ಒಗ್ದಿರೋ ಬಟ್ಟೆ. ಬೀದಿಗೆಲ್ಲ ದೋಸೆ ವಾಸ್ನೆ. ಮೀಟರ್ ಮಾತ್ರ ಅಲ್ಲಾಡ್ತಿಲ್ಲ. ವೈರ್ ಎಲ್ಲಿಂದ ಎಳ್ದಿದೀರ ಹೇಳಿಬಿಡಿ."

"ಕರೆಂಟು ಬಿಟ್ಟಿ ಕೊಡೋ ಕಾಲದಲ್ಲಿ ಯಾರು ಸಾರ್ ಕದೀತಾರೆ?" ಎಂದ ನರಸಿಂಹಪ್ಪ.

"ಅದೇ ನಮಗೂ ಅನುಮಾನ."

ಗೋಡೆ ತಟ್ಟಿದರು, ಅಟ್ಟ ಇಣುಕಿದರು, ಮೆಷಿನ್ ತೆಗೆದು ಹುಣಸೆಹಣ್ಣಿಗೆ ಕೈ ಹಾಕಿದರು. ಹಿತ್ತಲಿಂದ ಗರ ಗರ ಸದ್ದು ಬರುತ್ತಿತ್ತು. "ಮೋಟ್ರು!" ಎಂದು ಮುರಳಿಮೋಹನ್ ಓಡಿದ. ಒರಳಿನ ಮುಂದೆ ಶಾಮಲಮ್ಮ ಕೂತಿದ್ದಳು. ಅವನು ರುಬ್ಬುಗುಂಡಿಗೆ ಟೆಸ್ಟರ್ ಇಟ್ಟ. ಏನೂ ಇಲ್ಲ.

"ಅಮ್ಮಾ, ಏನೂ ಅಂದ್ಕೋಬೇಡಿ," ಎಂದು ಅವಳ ಮೊಣಕೈಗೆ ಮುಟ್ಟಿಸಿದ.

ಟೆಸ್ಟರಿನ ದೀಪ ಮಿಣುಕ್ ಅಂತು.

"ಯಾವತ್ತಿಂದ ಓಡ್ತಿದೆ ಇದು?" ಎಂದು ನರಸಿಂಹಪ್ಪನ ಕಡೆ ತಿರುಗಿದ.

"ಮದುವೆ ಆದಾಗ್ಲಿಂದ ಸಾರ್."

"ಟ್ರಿಪ್ ಆಗಲ್ವಾ?"

"ಇದುವರೆಗೂ ಇಲ್ಲ."

"ಏನು ಹಾಕ್ತೀರ?"

"ಎರಡು ಹೊತ್ತು ಮುದ್ದೆ, ಉಳಿದಿರೋ ಬಸ್ಸಾರು," ನರಸಿಂಹಪ್ಪನ ಎದೆ ಉಬ್ಬಿತು. "ಹೊಗೆ ಇಲ್ಲ, ಸದ್ದಿಲ್ಲ, ಕರಡಿಗೂ ತೊಂದರೆ ಇಲ್ಲ. ಮುಗಿಯದ ಇಂಧನ ಸಾರ್!"

ಇಷ್ಟು ವರ್ಷ ಶಾಮಲಮ್ಮ ತನ್ನನ್ನು ಹೆಂಡತಿ ಎಂದುಕೊಂಡಿದ್ದಳು. ರುಬ್ಬುಗುಂಡು ನಿಂತಿತು. ಅವಳು ಕೈ ತೊಳೆದುಕೊಂಡು ಹೋಗಿ ಹಿತ್ತಲ ಜಗಲಿಯ ಮೇಲೆ ಕೂತಳು.

"ಯಾಕೇ, ಏನಾಯ್ತು?"

"ಕರೆಂಟು ಹೋಯ್ತು."

"ಯಾವಾಗ ಬರತ್ತಮ್ಮಾ?" ರೈತರು ದಿನಾ ತನ್ನನ್ನು ಕೇಳುವುದನ್ನೇ ಮುರಳಿಮೋಹನ್ ಕೇಳಿದ.

"ಮೇಲಿನವರನ್ನ ಕೇಳಿ ಹೇಳ್ತೀನಿ," ಎಂದಳು, ದಿನಾ ಅವನು ಹೇಳುವ ಹಾಗೆಯೇ.

ಒರಳಲ್ಲಿ ಅಕ್ಕಿ ಅರ್ಧ ನುರಿದಿತ್ತು. ಬೇರೆ ದಾರಿ ಇಲ್ಲದೆ ನರಸಿಂಹಪ್ಪ ಪ್ಯಾಂಟು ಮಡಚಿ ಕೂತ. ಕಲ್ಲು ಒಂದು ಸುತ್ತು ಅವನ ಮಾತು ಕೇಳಿತು. ಎರಡನೆಯದಕ್ಕೆ ಹಿಟ್ಟು ಹಾರಿ ಮೂಗಿಗೆ ಬಿತ್ತು. ಗೋಡೆಯ ಮೇಲಿಂದ ವೆಂಕಟರತ್ನಮ್ಮ ಇಣುಕಿ, ಅರ್ಧ ತೆಲುಗಿನಲ್ಲಿ ಶಾಮಲಮ್ಮನನ್ನು ಕೇಳಿದಳು.

"ಅಯ್ಯೋ ದೇವುಡಾ! ವದಿನಾ, ಇದ್ಯಾವ ಹೊಸ ಮೆಷಿನ್ನೇ?"

"ಹಳೇದೇ ಕಣೇ. ಇವತ್ತೇ ಆನ್ ಮಾಡಿರೋದು."

"ವೋಲ್ಟೇಜ್ ಸಾಲ್ತಿಲ್ಲ," ಎಂದ ಮುರಳಿಮೋಹನ್ ಬೇಸರದಿಂದ.

ನರಸಿಂಹಪ್ಪ ಭುಜ ಹಿಡಿದುಕೊಂಡು ಜಗಲಿಗೆ ಬಂದ. "ಶಾಮಲಾ, ನಾಳೆ ಬಹುಮಾನ ಕಣೇ. ಮಿಕ್ಸಿ ಇಳಿಸ್ಲಾ? ಒಂದೇ ಸಲ?"

"ಒಂದೇ ಸಲ ಅಲ್ಲ, ದಿನಾ. ಬಟ್ಟೆ ಮೆಷಿನ್ನೂ."

"ಮತ್ತೆ ಕರಡಿ?"

ಶಾಮಲಮ್ಮ ಎದ್ದಳು. ಕರಡಿಯ ಮೇಲೆ ಅವಳಿಗೇನೂ ಕೋಪವಿರಲಿಲ್ಲ. ನಿಲ್ಲಲು ನೆಲ ಕರಗುತ್ತಿರುವ ಜೀವ, ಪಾಪ. ಚಿತ್ರವನ್ನು ಹುಷಾರಾಗಿ ಕಿತ್ತು ಅಂಗಳಕ್ಕೆ ಒಯ್ದಳು. ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಅದನ್ನು ಹಿಟ್ಟಿನಲ್ಲೇ ಅಂಟಿಸಿ, ಎಡಗೈಯಿಂದ ಒತ್ತಿದಳು. ಬೀಗದಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಟೀ ಕುಡಿಯೋಕೆ ಬಸ್ಸಲ್ಲಿ ಹೋಗಿ. ತಿಳುವಳಿಕೆ ಬಸ್ಸಲ್ಲೂ ಕೊಡಬಹುದು."

ನರಸಿಂಹಪ್ಪ ಮುರಳಿಮೋಹನ್ ಕಡೆ ನೋಡಿದ. ಮುರಳಿಮೋಹನ್ ಸ್ಟೂಲು ಹುಡುಕುತ್ತಿದ್ದ, ಮಿಕ್ಸಿ ಇಳಿಸಲು.

ಸ್ವಿಚ್ ಒತ್ತಿದಾಗ ಮನೆಯೆಲ್ಲ ಅದುರುವಂಥ ಸದ್ದು. ಹೊರಗೆ ಮುರಳಿಮೋಹನ್ ಮೀಟರಿನ ಮುಂದೆ ನಿಂತು, "ಓಡ್ತಿದೆ, ಓಡ್ತಿದೆ!" ಎಂದು ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಕಂಡವನಂತೆ ಕೂಗಿದ. ಆ ಗದ್ದಲದಲ್ಲಿ ಶಾಮಲಮ್ಮ ಬಲಗೈಯನ್ನು ಮೆಲ್ಲಗೆ ಎತ್ತಿ ನೋಡಿದಳು. ಕಿವಿ ದಾಟಲಿಲ್ಲ.

ಇರಲಿ, ಇನ್ನು ಆ ಕೈಗೂ ಬಿಡುವಿದೆ.